ಕಾರ್ಮಿಕ ಬಂಧು ಡಾ. ಆಲಿಸ್ ಹ್ಯಾಮಿಲ್ಟನ್

ವಿಷಗಳಲ್ಲಿ ಎರಡು ಬಗೆ. ಹಾವು ಕಚ್ಚಿದರೆ ಗಳಿಗೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ, ನೆರೆಹೊರೆಯವರು ಓಡಿ ಬರುತ್ತಾರೆ, ವಾಹನ ಸಿದ್ಧವಾಗುತ್ತದೆ. ಇನ್ನೊಂದು ಬಗೆಯ ವಿಷವಿದೆ. ಅದು ಕಚ್ಚುವುದಿಲ್ಲ, ಉರಿಯುವುದಿಲ್ಲ, ಎಷ್ಟೋ ವೇಳೆ ವಾಸನೆಯೂ ಬರುವುದಿಲ್ಲ. ಕೆಲಸದ ಜೊತೆಗೆ, ಉಸಿರಿನ ಜೊತೆಗೆ, ಉಣ್ಣುವ ಅನ್ನದ ಜೊತೆಗೆ ದಿನಕ್ಕಿಷ್ಟಿಷ್ಟೇ ಒಳಸೇರಿ, ಹತ್ತು ಹದಿನೈದು ವರ್ಷಗಳ ಮೇಲೆ ಮನುಷ್ಯನನ್ನು ಮೂಲೆಗೆ ಕೂರಿಸುತ್ತದೆ. ಆಗ ಜನರು ಅದನ್ನು ವಿಷವೆನ್ನುವುದಿಲ್ಲ. ವಯಸ್ಸೆನ್ನುತ್ತಾರೆ, ಕುಡಿತವೆನ್ನುತ್ತಾರೆ, ಹಣೆಬರಹವೆನ್ನುತ್ತಾರೆ. ಸೀಸ, ಪಾದರಸ, ಆರ್ಸೆನಿಕ್ ಎಂಬ ಪಾಷಾಣ ಇವುಗಳ ವಿಷ ಈ ಎರಡನೆಯ ಜಾತಿಯದು. ಹಣೆಬರಹವೆಂದು ಬಿಟ್ಟುಬಿಟ್ಟಿದ್ದ ಈ ರೋಗಗಳಿಗೆ ಕಾರಣವುಂಟು, ಕಾರಣವುಂಟಾದ್ದರಿಂದ ಪರಿಹಾರವೂ ಉಂಟು ಎಂದು ಅಮೇರಿಕ ದೇಶಕ್ಕೆ ತೋರಿಸಿಕೊಟ್ಟವಳು ಒಬ್ಬ ಹೆಂಗಸು. ಆಕೆಯ ಹೆಸರು ಡಾ. ಆಲಿಸ್ ಹ್ಯಾಮಿಲ್ಟನ್.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಕಾರ್ಮಿಕ ಶಾಸನಗಳ ಪಾಠ ನಡೆದಾಗ ಈ ಹೆಸರು ಮೊದಲು ಕಿವಿಗೆ ಬಿದ್ದಿತು. ಆಮೇಲೆ ಹುಡುಕಿ ಓದಿದೆ. ಓದುತ್ತ ಹೋದಂತೆ ಕುಂಬ್ರದ ನಮ್ಮ ಮನೆಯ ನೆನಪು ಮತ್ತೆಮತ್ತೆ ಬರುತ್ತಿತ್ತು. ಅದೇಕೆಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆಕೆಯ ಬಾಳನ್ನು ನೋಡೋಣ.

ಆಲಿಸ್ ಹುಟ್ಟಿದ್ದು 1869ನೆಯ ಇಸವಿ ಫೆಬ್ರವರಿ 27ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಇಂಡಿಯಾನ ಪ್ರಾಂತದ ಫೋರ್ಟ್ ವೇಯ್ನ್ ಎಂಬ ಊರಿನಲ್ಲಿ. ನಾಲ್ವರು ಅಕ್ಕತಂಗಿಯರಲ್ಲಿ ಈಕೆ ಎರಡನೆಯವಳು. ಬಹಳ ಕಾಲದ ಮೇಲೆ ಒಬ್ಬ ತಮ್ಮನೂ ಹುಟ್ಟಿದನು. ಅಕ್ಕ ಈಡಿತ್ ಮುಂದೆ ಗ್ರೀಕ್ ಸಾಹಿತ್ಯದ ವಿದುಷಿಯಾಗಿ ಲೋಕಪ್ರಸಿದ್ಧಳಾದಳು. ಮಕ್ಕಳಿಗೆ ಮನೆಯಲ್ಲಿಯೇ ಪಾಠ. ಭಾಷೆ, ಸಾಹಿತ್ಯ, ಇತಿಹಾಸಗಳು ಬೇಕಾದಷ್ಟು. ಗಣಿತ ವಿಜ್ಞಾನಗಳು ಅಷ್ಟಕ್ಕಷ್ಟೆ. ಮನೆತನ ಅನುಕೂಲವಾದದ್ದು. ಆದರೆ 1885ರಲ್ಲಿ ತಂದೆಯ ದಿನಸಿ ವ್ಯಾಪಾರ ಕುಸಿದುಬಿದ್ದಿತು. ಹೆಣ್ಣುಮಕ್ಕಳು ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಳ್ಳಬೇಕಾಯಿತು. ಅಂದಿನ ಹೆಣ್ಣಿಗೆ ಇದ್ದ ದಾರಿಗಳು ಕೆಲವೇ. ಆಲಿಸ್ ವೈದ್ಯವೃತ್ತಿಯನ್ನು ಆರಿಸಿಕೊಂಡಳು. ವೈದ್ಯೆಯಾದವಳು ಯಾವ ದೇಶಕ್ಕೆ ಹೋದರೂ, ಯಾವ ಕೊಂಪೆಯಲ್ಲಿದ್ದರೂ ಉಪಯೋಗಕ್ಕೆ ಬಂದಾಳೆಂಬುದೇ ಆಕೆಯ ಲೆಕ್ಕ.

ವಿಜ್ಞಾನದ ಓನಾಮವನ್ನೇ ತಿಳಿಯದ ಹುಡುಗಿ ಊರಿನ ಚಿಕ್ಕ ವೈದ್ಯಶಾಲೆಯಲ್ಲಿ ಅಡಿಪಾಯ ಹಾಕಿಕೊಂಡು, ಮಿಚಿಗನ್ ವಿಶ್ವವಿದ್ಯಾಲಯವನ್ನು ಸೇರಿ, 1893ರಲ್ಲಿ ವೈದ್ಯ ಪದವಿಯನ್ನು ಪಡೆದಳು. 1895ರಲ್ಲಿ ಅಕ್ಕ ಈಡಿತಳೊಡನೆ ಜರ್ಮನಿಗೆ ಹೋದಳು. ಲೈಪ್ಸಿಗ್ ಮತ್ತು ಮ್ಯೂನಿಕ್ ನಗರಗಳ ವಿಶ್ವವಿದ್ಯಾಲಯಗಳು ಹೆಂಗಸರಿಗೆ ಪೂರ್ತಿ ಬಾಗಿಲು ತೆರೆದಿರಲಿಲ್ಲ. ಗಂಡಸರ ಕಣ್ಣಿಗೆ ಬೀಳದಂತೆ ಮೂಲೆಯಲ್ಲಿ ಕುಳಿತು ಪಾಠ ಕೇಳಬೇಕು. ಆಕೆ ಕುಳಿತು ಕೇಳಿದಳು. ಮರಳಿ ಬಂದು ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ಒಂದು ವರ್ಷ ಕಲಿತು, 1897ರಲ್ಲಿ ಶಿಕಾಗೋ ನಗರದ ಮಹಿಳಾ ವೈದ್ಯ ಕಾಲೇಜಿನಲ್ಲಿ ರೋಗಲಕ್ಷಣ ಶಾಸ್ತ್ರದ ಅಧ್ಯಾಪಕಿಯಾದಳು.

ಶಿಕಾಗೋದಲ್ಲಿ ಆಕೆ ವಾಸಕ್ಕೆ ಆರಿಸಿಕೊಂಡ ಮನೆ ಆಕೆಯ ಬಾಳನ್ನೇ ತಿರುಗಿಸಿತು. ಜೇನ್ ಆಡಮ್ಸ್ ಎಂಬ ಮಹಿಳೆ ತನ್ನ ಗೆಳತಿಯೊಡನೆ 1889ರಲ್ಲಿ ಬಡವರ ಕೇರಿಯ ನಡುವೆ ಹಲ್ ಹೌಸ್ ಎಂಬ ಸೇವಾನಿಲಯವನ್ನು ತೆರೆದಿದ್ದಳು. ವಿದ್ಯಾವಂತರು ಅಲ್ಲಿ ಬಂದು ನೆಲಸಿ, ಸುತ್ತಲಿನ ಇಟಲಿಯವರು, ಗ್ರೀಕರು, ರಷ್ಯದಿಂದ ಓಡಿಬಂದ ಯೆಹೂದ್ಯರು, ಇಂತಹ ವಲಸೆಗಾರ ಕೂಲಿಗಳ ನೆರೆಯವರಾಗಿ ಬದುಕಬೇಕೆಂಬುದು ಅದರ ಉದ್ದೇಶ. ಹಗಲು ಕಾಲೇಜಿನ ಕೆಲಸ. ಸಂಜೆ ಕೂಸುಗಳ ಆರೈಕೆಯ ಚಿಕಿತ್ಸಾಲಯ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುವರು. ಅವರ ಬಾಯಿಂದ ಆಕೆ ಮನೆಯ ಗಂಡಸರ ಕಥೆಯನ್ನೂ ಕೇಳುವಳು. ಉಕ್ಕಿನ ಕಾರ್ಖಾನೆಯಲ್ಲಿ ಉಸಿರು ಕಟ್ಟಿ ಬಿದ್ದವನು, ಬಣ್ಣದ ಕೆಲಸ ಮಾಡಿ ಕೈ ಜೋತುಬಿದ್ದವನು, ಹೊಟ್ಟೆಯ ಶೂಲೆಯಿಂದ ನೆಲದಲ್ಲಿ ಹೊರಳುವವನು. ಪುಸ್ತಕಗಳಲ್ಲಿ ಇವರ ಸುದ್ದಿಯಿರಲಿಲ್ಲ.

ಇಲ್ಲಿ ಆಕೆಯ ಒಂದು ಸೋಲನ್ನೂ ಹೇಳಬೇಕು. ಮಹನೀಯರ ಚರಿತ್ರೆಗಳಲ್ಲಿ ಸೋಲುಗಳನ್ನು ಬಿಟ್ಟುಬಿಡುವುದು ವಾಡಿಕೆ. ಆದರೆ ಈಕೆ ತಾನೇ ಬಿಟ್ಟಿಲ್ಲ. 1902ರಲ್ಲಿ ಆ ಕೇರಿಗಳಲ್ಲಿ ವಿಷಮಶೀತ ಜ್ವರ ಹಬ್ಬಿತು. ತೆರೆದ ಪಾಯಿಖಾನೆಗಳ ನೊಣಗಳೇ ರೋಗವನ್ನು ಹರಡಿದುವೆಂದು ಆಲಿಸ್ ಪರೀಕ್ಷಿಸಿ ಪ್ರಕಟಿಸಿದಳು. ಹೊಗಳಿಕೆ ಬಂದಿತು, ಹೆಸರೂ ಬಂದಿತು. ಆಮೇಲೆ ತಿಳಿದ ಸತ್ಯವೇ ಬೇರೆ: ಕೊಳವೆ ಒಡೆದು ಕೊಳಚೆ ಕುಡಿಯುವ ನೀರಿಗೆ ಸೇರಿತ್ತು, ಅಧಿಕಾರಿಗಳು ಆ ಸುದ್ದಿಯನ್ನು ಮುಚ್ಚಿಟ್ಟಿದ್ದರು. ತನ್ನ ತೀರ್ಮಾನ ತಪ್ಪಾಗಿತ್ತೆಂದು ಆಕೆ ಮುಂದೆ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಳು. ಕಣ್ಣಿಗೆ ಕಂಡ ಮೊದಲನೆಯ ಕಾರಣದಲ್ಲಿಯೇ ನಿಂತುಬಿಡಬಾರದೆಂಬ ಪಾಠ ಆಕೆಗೆ ಹೀಗೆ ದೊರೆಯಿತು.

ಆ ಕಾಲದಲ್ಲಿ ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಕಾರ್ಖಾನೆಗಳ ರೋಗಗಳ ಕುರಿತು ಶಾಸನಗಳೂ ತನಿಖೆಗಾರರೂ ಇದ್ದರು. ಅಮೇರಿಕೆಯಲ್ಲಿ ಏನೂ ಇರಲಿಲ್ಲ. ನಮ್ಮ ಕಾರ್ಖಾನೆಗಳು ಉತ್ತಮ, ನಮ್ಮ ಕೂಲಿ ಹೆಚ್ಚು, ನಮ್ಮಲ್ಲಿ ಅಂತಹ ರೋಗಗಳೇ ಇಲ್ಲವೆಂದು ಅಲ್ಲಿನ ವೈದ್ಯರು ನಂಬಿದ್ದರು. ಎಣಿಸಿದವರಿಲ್ಲದ್ದರಿಂದ ರೋಗವೂ ಇರಲಿಲ್ಲ! 1908ರಲ್ಲಿ ಇಲಿನಾಯ್ ಪ್ರಾಂತ ಒಂದು ಸಮಿತಿಯನ್ನು ನೇಮಿಸಿತು. 1910ರ ಸಮೀಕ್ಷೆಯ ಹೊಣೆ ಆಲಿಸಳ ಮೇಲೆ ಬಿದ್ದಿತು. ಸೀಸದ ಕೆಲಸಗಳನ್ನು ಆಕೆ ತನ್ನ ಪಾಲಿಗೆ ಇಟ್ಟುಕೊಂಡಳು.

ಸೀಸದ ಸ್ವಭಾವವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ನಮ್ಮ ದೇಹಕ್ಕೆ ಸೀಸದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಆದರೆ ದೇಹ ಅದನ್ನು ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮೆಂದು ತಿಳಿದು ಮೋಸಹೋಗುತ್ತದೆ. ಸುಣ್ಣವನ್ನು ಇಡುವೆಡೆಯಲ್ಲಿ, ಎಂದರೆ ಎಲುಬುಗಳಲ್ಲಿ, ಸೀಸವನ್ನು ಕೂಡಿಡುತ್ತದೆ. ರಕ್ತದಲ್ಲಿರುವ ಸೀಸದ ಅರ್ಧಭಾಗ ಸುಮಾರು ಒಂದು ತಿಂಗಳಲ್ಲಿ ತೊಲಗುತ್ತದೆ. ಎಲುಬಿನಲ್ಲಿರುವುದು ಹತ್ತಿಪ್ಪತ್ತು ವರ್ಷಗಳಾದರೂ ಬಿಡುವುದಿಲ್ಲ. ವಯಸ್ಕನ ಮೈಯ ಸೀಸದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಎಲುಬುಗಳಲ್ಲಿಯೇ ಇರುತ್ತದೆ. ಕೆಲಸ ಬಿಟ್ಟು ಎಷ್ಟೋ ಕಾಲದ ಮೇಲೆ ಮುಪ್ಪಿನಲ್ಲಿ ಎಲುಬು ಸವೆಯುವಾಗ, ಹೆಂಗಸಾದರೆ ಬಸುರಿನಲ್ಲಿ, ಹಳೆಯ ಸಾಲ ವಸೂಲಿಗೆ ಬಂದಂತೆ ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಗರ್ಭದ ಶಿಶುವನ್ನೂ ಮುಟ್ಟುತ್ತದೆ. ರಕ್ತಹೀನತೆ, ಮಲಬದ್ಧತೆ, ಹೊಟ್ಟೆಯ ಶೂಲೆ, ಮುಂಗೈ ಜೋತುಬೀಳುವ ವಾತ, ಒಸಡಿನ ಅಂಚಿನಲ್ಲಿ ನೀಲಿಗೆರೆ, ಇವು ಹೊರಗೆ ಕಾಣುವ ಗುರುತುಗಳು. ಮೂತ್ರಪಿಂಡದ ಸವೆತ, ಏರಿದ ರಕ್ತದೊತ್ತಡ, ಮಂದವಾದ ಬುದ್ಧಿ, ಇವು ಒಳಗೊಳಗೇ ಬೆಳೆಯುವ ಹಾನಿಗಳು. ಎಳೆಯ ಮಕ್ಕಳ ಮಿದುಳಿಗಂತೂ ಅಲ್ಪ ಪ್ರಮಾಣವೂ ಅಪಾಯವೇ. ನಿರಪಾಯವೆನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಲಿಸ್ ಈ ರೋಗವನ್ನು ಹುಡುಕಿದ ಕ್ರಮ ಗಮನಾರ್ಹ. ಆಕೆಗೆ ಕಾರ್ಖಾನೆಯ ಬಾಗಿಲನ್ನು ತೆರೆಯಿಸುವ ಅಧಿಕಾರವಿರಲಿಲ್ಲ. ವಿನಯದಿಂದ ಕೇಳಿ ಒಳಹೋಗುವಳು. ಧೂಳು ಎಲ್ಲಿ ಏಳುತ್ತದೆ, ಹೊಗೆ ಯಾವ ಕಡೆಗೆ ಹೋಗುತ್ತದೆ ಎಂದು ನೋಡುವಳು. ರೋಗಿಗಳು ಅಲ್ಲಿ ಸಿಕ್ಕುತ್ತಿರಲಿಲ್ಲ; ಕಾಯಿಲೆ ಬಿದ್ದವನು ಕೆಲಸ ಬಿಟ್ಟು ಹೋಗಿರುತ್ತಿದ್ದನು. ಆದುದರಿಂದ ಆಸ್ಪತ್ರೆಗಳ ಹಳೆಯ ದಫ್ತರಗಳನ್ನು ತೆರೆದು ನೋಡಿದಳು. ಔಷಧದ ಅಂಗಡಿಯವರನ್ನೂ, ಪಾದ್ರಿಗಳನ್ನೂ, ಹೆಂಡದಂಗಡಿಯವರನ್ನೂ ವಿಚಾರಿಸಿದಳು. ಕೇರಿಕೇರಿಗಳಲ್ಲಿ ಮೆಟ್ಟಿಲು ಹತ್ತಿ ಇಳಿದು ರೋಗಿಯ ಹೆಂಡತಿಯೊಡನೆ ಅಡಿಗೆಮನೆಯಲ್ಲಿ ಕುಳಿತು ಮಾತಾಡಿದಳು. ಸೀಸವನ್ನು ಬಳಸುವ 70ಕ್ಕೂ ಹೆಚ್ಚು ಬಗೆಯ ಕೆಲಸಗಳನ್ನು ಆ ಒಂದು ಪ್ರಾಂತದಲ್ಲಿಯೇ ಪತ್ತೆ ಹಚ್ಚಿದಳು. ಸ್ನಾನದ ತೊಟ್ಟಿಗಳಿಗೆ ಬಿಳಿಯ ಹೊಳಪು ಕೊಡುವ ಪುಡಿಯಲ್ಲಿ ಸೀಸವಿದೆಯೆಂಬ ಸಂಗತಿ ಒಬ್ಬ ರೋಗಿಯ ಜಾಡು ಹಿಡಿದು ಹೋದಾಗಲೇ ಆಕೆಗೆ ತಿಳಿದುದು.

ಅತ್ಯಂತ ಮುಖ್ಯವಾದ ಮಾತು ಇನ್ನೊಂದು. ಸೀಸದ ರೋಗ ಬರುವುದು ಕೂಲಿಗಳ ಕೊಳಕುತನದಿಂದ, ಕೈ ತೊಳೆಯದೆ ಉಣ್ಣುವುದರಿಂದ ಎಂದು ಧಣಿಗಳೂ ಅನೇಕ ವೈದ್ಯರೂ ಹೇಳುತ್ತಿದ್ದರು. ಹಾಗೆಂದರೆ ತಪ್ಪು ರೋಗಿಯದೇ ಆಯಿತು; ಧಣಿಗೆ ಕೆಲಸವಿಲ್ಲ. ಆಲಿಸ್ ಇದನ್ನು ಒಪ್ಪಲಿಲ್ಲ. ಕೈ ತೊಳೆಯುವುದು ಒಳ್ಳೆಯದೇ. ಆದರೆ ಹಗಲೆಲ್ಲ ಸೀಸದ ಧೂಳನ್ನೂ ಹೊಗೆಯನ್ನೂ ಉಸಿರಾಡುವವನನ್ನು ಸಾಬೂನು ಕಾಪಾಡಲಾರದು. ವಿಷ ಹೆಚ್ಚಾಗಿ ಹೋಗುವುದು ಗಾಳಿಯ ದಾರಿಯಿಂದ. ಆದುದರಿಂದ ಮೊದಲು ಶುದ್ಧಿಯಾಗಬೇಕಾದುದು ಕಾರ್ಖಾನೆಯ ಗಾಳಿ. ಹೀಗೆ ರೋಗದ ಹೊಣೆಯನ್ನು ಕೂಲಿಯ ಕೈಯಿಂದ ಎತ್ತಿ ಕಾರ್ಖಾನೆಯ ಮೇಲಿಟ್ಟದ್ದೇ ಆಕೆಯ ಬಾಳಿನ ದೊಡ್ಡ ಕೆಲಸವೆಂದು ನನಗೆ ತೋರುತ್ತದೆ.

1911ರಲ್ಲಿ ಇಲಿನಾಯ್ ಪ್ರಾಂತ ವೃತ್ತಿರೋಗಗಳ ಶಾಸನವನ್ನು ಮಾಡಿತು. ಆ ವರ್ಷವೇ ಕೇಂದ್ರ ಸರಕಾರ ಇಡೀ ದೇಶದ ಸೀಸದ ಕಾರ್ಖಾನೆಗಳನ್ನು ಪರೀಕ್ಷಿಸಲು ಆಕೆಯನ್ನು ನೇಮಿಸಿತು. ಸಂಬಳವಿಲ್ಲ, ವರದಿ ಬರೆದು ಕೊಟ್ಟ ಮೇಲೆ ಸರಕಾರ ಅದಕ್ಕೆ ಬೆಲೆ ಕೊಡುವುದೆಂದು ಕರಾರು. ಬಣ್ಣಕ್ಕೆ ಬೇಕಾದ ಬಿಳಿಸೀಸವನ್ನು ತಯಾರಿಸುತ್ತಿದ್ದ ನ್ಯಾಷನಲ್ ಲೆಡ್ ಕಂಪೆನಿಯ ಉಪಾಧ್ಯಕ್ಷ ಎಡ್ವರ್ಡ್ ಕಾರ್ನಿಷ್ ಎಂಬುವನು ತನ್ನ ಕಾರ್ಖಾನೆಯಲ್ಲಿ ರೋಗವಿದೆಯೆಂದರೆ ನಂಬಲಿಲ್ಲ. ಸಾಕ್ಷ್ಯ ತಂದರೆ ಹೇಳಿದಂತೆ ಮಾಡುವೆನೆಂದನು. ಆಲಿಸ್ ಆಸ್ಪತ್ರೆಗಳ ದಾಖಲೆಗಳನ್ನು ಶೋಧಿಸಿ 22 ರೋಗಿಗಳ ವಿವರವನ್ನು ಅವನ ಮುಂದಿಟ್ಟಳು. ಅವನು ಮಾತಿಗೆ ತಪ್ಪಲಿಲ್ಲ. ಧೂಳನ್ನು ಹೀರುವ ಯಂತ್ರಗಳು ಬಂದುವು. ಕೂಲಿಗಳ ಪರೀಕ್ಷೆಗೆ ವೈದ್ಯರು ಬಂದರು. ಧಣಿಗಳೆಲ್ಲರೂ ಕೆಟ್ಟವರೆಂದು ಆಕೆ ಎಂದೂ ಎಣಿಸಲಿಲ್ಲ. ಗೊತ್ತಿಲ್ಲದವನಿಗೆ ತಿಳಿಸಬೇಕು, ತಿಳಿದೂ ಮಾಡದವನಿಗೆ ಕಾನೂನು ಬೇಕು ಎಂಬುದು ಆಕೆಯ ನೀತಿಯಾಗಿತ್ತು.

ಸೀಸವೊಂದೇ ಅಲ್ಲ. ಉಣ್ಣೆಯ ಟೊಪ್ಪಿಗೆ ಮಾಡುವವರು ಮೊಲದ ತುಪ್ಪಳಿಗೆ ಪಾದರಸದ ದ್ರಾವಣವನ್ನು ಹಚ್ಚಿ ಹದಮಾಡುತ್ತಿದ್ದರು. ಅದರ ಆವಿಯನ್ನು ಸೇವಿಸಿ ಅವರ ಕೈಗಳು ನಡುಗುವುವು. ಕ್ರಮೇಣ ಸ್ವಭಾವವೇ ಬದಲಾಗಿ, ಅಂಜುಬುರುಕರೂ ಮುಂಗೋಪಿಗಳೂ ಆಗುವರು. ಆಲಿಸ್ ಅವರನ್ನೂ ಕಂಡಳು. ಕ್ಯಾಲಿಫೋರ್ನಿಯದ ಪಾದರಸದ ಗಣಿಗಳಿಗೂ ಇಳಿದಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಿಡಿಮದ್ದಿನ ಕಾರ್ಖಾನೆಗಳನ್ನು ಸುತ್ತಿದಳು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆಕೆಯನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ಕರೆಯಿತು. ಆ ವಿಷಯವನ್ನು ಬಲ್ಲ ಗಂಡಸು ದೇಶದಲ್ಲಿ ಇರಲಿಲ್ಲವಾದ್ದರಿಂದ ಹೆಂಗಸನ್ನು ಕರೆಯದೆ ವಿಧಿಯಿರಲಿಲ್ಲ. ಹಾರ್ವರ್ಡಿನ ಅಧ್ಯಾಪಕವರ್ಗಕ್ಕೆ ಸೇರಿದ ಮೊದಲನೆಯ ಮಹಿಳೆ ಆಕೆಯೇ. ಆದರೆ ಕಟ್ಟಳೆಗಳಿದ್ದುವು: ಅಧ್ಯಾಪಕರ ಕ್ಲಬ್ಬಿಗೆ ಹೋಗಕೂಡದು, ಕಾಲ್ಚೆಂಡಿನ ಪಂದ್ಯಕ್ಕೆ ಅಧ್ಯಾಪಕರ ಚೀಟಿ ಕೇಳಕೂಡದು, ಪದವಿದಾನದ ದಿನ ಮೆರವಣಿಗೆಯಲ್ಲಿ ನಡೆಯಕೂಡದು. 1935ರಲ್ಲಿ ನಿವೃತ್ತಳಾದಾಗಲೂ ಆಕೆ ಸಹಾಯಕ ಪ್ರಾಧ್ಯಾಪಕಿಯೇ. ಈ ನಡುವೆ 1925ರಲ್ಲಿ ಅಮೇರಿಕೆಯ ಕೈಗಾರಿಕಾ ವಿಷಗಳನ್ನು ಕುರಿತ ಆಕೆಯ ಗ್ರಂಥ ಹೊರಬಂದಿತು. ಆ ದೇಶದಲ್ಲಿ ಈ ಶಾಸ್ತ್ರಕ್ಕೆ ಅದೇ ಮೊದಲನೆಯ ಪಠ್ಯ.

ಅದೇ 1925ರಲ್ಲಿ ಆಕೆಯ ಬಾಳಿನ ದೊಡ್ಡ ಸೋಲೂ ಒದಗಿತು. ಮೋಟಾರಿನ ಯಂತ್ರ ಬಡಿದುಕೊಳ್ಳದಂತೆ ಪೆಟ್ರೋಲಿಗೆ ಸೀಸದ ಒಂದು ದ್ರವವನ್ನು ಬೆರೆಸುವ ಉಪಾಯವನ್ನು ಆಗ ಕಂಡುಹಿಡಿದಿದ್ದರು. 1924ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಒಂದು ಕಾರ್ಖಾನೆಯಲ್ಲಿ ಆ ದ್ರವವನ್ನು ತಯಾರಿಸುತ್ತಿದ್ದ ಐವರು ಬುದ್ಧಿಭ್ರಮಣೆಯಾಗಿ ಸತ್ತರು. ಅನೇಕರು ಆಸ್ಪತ್ರೆ ಸೇರಿದರು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರಕಾರ ಸಭೆ ಕರೆಯಿತು. ಕಾರ್ಖಾನೆಯೊಳಗಿನ ಸೀಸವನ್ನಾದರೂ ಹತೋಟಿಯಲ್ಲಿಡಬಹುದು, ದೇಶದ ಬೀದಿಬೀದಿಗಳಲ್ಲಿ ಹೊಗೆಯಾಗಿ ಹರಡುವುದನ್ನು ತಡೆಯುವವರಾರು ಎಂದು ಆಲಿಸ್ ವಾದಿಸಿದಳು. ಆಕೆಯ ಮಾತು ನಡೆಯಲಿಲ್ಲ. ಸ್ವಲ್ಪ ಕಾಲ ನಿಂತಿದ್ದ ಮಾರಾಟ ಮತ್ತೆ ಮೊದಲಾಗಿ, ಪ್ರಪಂಚವೆಲ್ಲ ಸೀಸದ ಪೆಟ್ರೋಲನ್ನು ಸುಟ್ಟಿತು. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಲೋಕದಲ್ಲಿ ಕಟ್ಟಕಡೆಗೆ, ಅಲ್ಜೀರಿಯದಲ್ಲಿ, 2021ರಲ್ಲಿ. ಸರಿಯಾದ ಒಂದು ಮಾತನ್ನು ಲೋಕ ಕೇಳಲು ತೊಂಬತ್ತಾರು ವರ್ಷಗಳು ಹಿಡಿದುವು.

ಇನ್ನು ಚಿಕಿತ್ಸೆಯ ಮಾತು. ಆಲಿಸ್ ಕೆಲಸಕ್ಕೆ ತೊಡಗಿದಾಗ ಸೀಸದ ವಿಷಕ್ಕೆ ಮದ್ದೇ ಇರಲಿಲ್ಲವೆನ್ನಬೇಕು. ಭೇದಿಯ ಔಷಧ, ಹಾಲು, ವಿಶ್ರಾಂತಿ, ಇಷ್ಟೆ. 1920ರ ದಶಕದಲ್ಲಿ ಹಾರ್ವರ್ಡಿನಲ್ಲಿಯೇ ಜೋಸೆಫ್ ಔಬ್ ಮತ್ತು ಆತನ ಸಂಗಡಿಗರು ಎಲುಬಿನಲ್ಲಿ ಸೀಸ ಕೂಡುವ ಮತ್ತು ಇಳಿಯುವ ಬಗೆಯನ್ನು ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದಲ್ಲಿ ಆರ್ಸೆನಿಕ್ ಬೆರೆತ ವಿಷವಾಯುವಿಗೆ ಪ್ರತಿಯಾಗಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಮತ್ತು ಆತನ ಸಂಗಡಿಗರು ಬಿ.ಎ.ಎಲ್. ಎಂಬ ಮದ್ದನ್ನು ಕಂಡುಹಿಡಿದರು. 1950ರ ದಶಕದ ಆರಂಭದಲ್ಲಿ ಸೀಸಕ್ಕೆ ಇ.ಡಿ.ಟಿ.ಎ. ಎಂಬುದು ಬಂದಿತು; 1991ರಲ್ಲಿ ಮಕ್ಕಳಿಗೆ ಬಾಯಿಂದಲೇ ಕೊಡಬಹುದಾದ ಸಕ್ಸಿಮರ್ ಅಮೇರಿಕೆಯಲ್ಲಿ ಬಳಕೆಗೆ ಬಂದಿತು. ಇವು ರಕ್ತದಲ್ಲಿ ತಿರುಗುವ ಲೋಹವನ್ನು ಏಡಿ ತನ್ನ ಕೊಂಬಿನಲ್ಲಿ ಕಚ್ಚಿಹಿಡಿಯುವಂತೆ ಹಿಡಿದು ಮೂತ್ರದಲ್ಲಿ ಹೊರಕ್ಕೆ ಸಾಗಿಸುತ್ತವೆ. ಈ ಚಿಕಿತ್ಸೆಗೆ ಇಟ್ಟ ಹೆಸರೂ ಏಡಿಯ ಕೊಂಬು ಎಂಬರ್ಥದ ಗ್ರೀಕ್ ಪದದಿಂದಲೇ ಹುಟ್ಟಿದುದು.

ಆದರೆ ಮದ್ದಿದೆಯೆಂದು ಮೈಮರೆಯುವಂತಿಲ್ಲ. ಮಗುವಿನ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 45 ಮೈಕ್ರೋಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸೀಸವಿದ್ದರೆ ಈ ಮದ್ದನ್ನು ಕೊಡುತ್ತಾರೆ. ತೀವ್ರ ಸ್ಥಿತಿಯಲ್ಲಿ ಅದು ಪ್ರಾಣವನ್ನು ಉಳಿಸುತ್ತದೆ. ಅದಕ್ಕೆ ಅಡ್ಡಪರಿಣಾಮಗಳೂ ಇರುವುದರಿಂದ ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯಬೇಕು. ರಕ್ತದಿಂದ ಸೀಸ ಇಳಿದರೂ ಎಲುಬಿನ ಉಗ್ರಾಣದಿಂದ ಮತ್ತೆ ಏರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಮಿದುಳನ್ನು ಅದು ಸರಿಪಡಿಸಲಾರದು. ಮಧ್ಯಮ ಪ್ರಮಾಣದ ಸೀಸವಿದ್ದ ಮಕ್ಕಳಿಗೆ ಸಕ್ಸಿಮರ್ ಕೊಟ್ಟು ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದರ ಫಲ 2001ರಲ್ಲಿ ಪ್ರಕಟವಾಯಿತು. ರಕ್ತದ ಸೀಸ ಇಳಿದಿತ್ತು, ಬುದ್ಧಿಶಕ್ತಿ ಏರಿರಲಿಲ್ಲ. ಆದುದರಿಂದ ಇಂದಿಗೂ ಮೊದಲನೆಯ ಚಿಕಿತ್ಸೆಯೆಂದರೆ ವಿಷದ ಮೂಲವನ್ನು ಹುಡುಕಿ ಅದರಿಂದ ರೋಗಿಯನ್ನು ದೂರವಿಡುವುದು. ಜೊತೆಗೆ ಕಬ್ಬಿಣ, ಕ್ಯಾಲ್ಸಿಯಮ್‌ಗಳಿರುವ ಒಳ್ಳೆಯ ಆಹಾರ. ಮೂಲವನ್ನು ಬಿಟ್ಟು ಮದ್ದು ಕೊಟ್ಟರೆ ತೂತಿನ ಕೊಡಕ್ಕೆ ನೀರು ಹೊತ್ತಂತೆ. ಆಲಿಸ್ 1910ರಲ್ಲಿ ಮೆಟ್ಟಿಲು ಹತ್ತಿ ಮಾಡಿದ ಕೆಲಸವೇ ಇಂದೂ ಚಿಕಿತ್ಸೆಯ ಮೊದಲ ಮೆಟ್ಟಿಲು.

ಇದು ದೂರದೇಶದ ಕಥೆಯೆಂದು ವಾಚಕರು ತಿಳಿಯಬಾರದು. ನಮ್ಮ ಬೆಂಗಳೂರಿನಲ್ಲಿಯೇ 1999ರಲ್ಲಿ ಸೀಸದ ವಿಷವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿನ ಜಾರ್ಜ್ ಫೌಂಡೇಶನ್ನಿನವರು ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶರು ಈ ಕಾರ್ಯದಲ್ಲಿ ಮುಂದಾಳಾಗಿ ದುಡಿದರು. ಪೆಟ್ರೋಲಿನ ಸೀಸ ಹೋಯಿತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವವರ ಹೊಗೆ ಇನ್ನೂ ಉಳಿದಿದೆ. ಯಾದಗಿರಿ ಜಿಲ್ಲೆಯ ಶೋರಾಪುರ ಸೀಮೆಯಲ್ಲಿ, ಮುಚ್ಚಿಹೋದ ಮಂಗಳೂರು ಎಂಬ ಚಿನ್ನದ ಗಣಿಯ ಹತ್ತಿರ, ಕಿರದಳ್ಳಿ ತಾಂಡಾ ಎಂಬ ಊರಿದೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇತ್ತು. ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಮಳೆಹನಿ ಸಿಡಿದಂತಹ ಕಪ್ಪುಬಿಳಿ ಚುಕ್ಕೆಗಳು ಎದ್ದಿದ್ದುವು. ಬಹುಕಾಲ ಈ ನೀರು ಕುಡಿದವರಲ್ಲಿ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದವೂ ಹುಟ್ಟುವುದುಂಟು. ಅಲ್ಲಿನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲನೆಯ ಔಷಧ ಶುದ್ಧವಾದ ನೀರು. ಬೇರೆಲ್ಲ ಅದರ ನಂತರ.

ಈಗ ಕುಂಬ್ರದ ಮಾತು. ಇಲ್ಲಿ ಸೀಸದ ಕಾರ್ಖಾನೆಯಿಲ್ಲ, ಅಡಿಕೆ ತೋಟಗಳಿವೆ. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು ನಲವತ್ತು ದಿನಗಳ ಮೇಲೆ ಆಟಿಯ ಹೊಳವಿನಲ್ಲಿ ಇನ್ನೊಮ್ಮೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಈ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಿಕೆಗೆ 1910ರ ಸುಮಾರಿಗೆ ಹೇಳಿಕೊಟ್ಟವರು ಡಾ. ಲೆಸ್ಲಿ ಕೋಲ್ಮನ್. ಅಡಿಕೆಯ ಬೆಳೆಗಾರನನ್ನು ಅದು ಕಾಪಾಡಿದೆ, ಇದನ್ನು ಮರೆಯಬಾರದು. ಮೈಲುತುತ್ತಿನಲ್ಲಿರುವುದು ತಾಮ್ರ. ಅದು ಸೀಸದಂತಲ್ಲ. ದೇಹಕ್ಕೆ ಸ್ವಲ್ಪ ತಾಮ್ರ ಬೇಕೇ ಬೇಕು. ಹೆಚ್ಚಾದುದನ್ನು ಪಿತ್ತಜನಕಾಂಗ ಹೊರಹಾಕುತ್ತದೆ. ಆದರೆ ವರ್ಷಾನುಗಟ್ಟಲೆ ಇದೇ ದ್ರಾವಣವನ್ನು ಸಿಂಪಡಿಸಿದ ಪೋರ್ಚುಗಲ್ಲಿನ ದ್ರಾಕ್ಷಿತೋಟದ ಕೆಲಸಗಾರರ ಶ್ವಾಸಕೋಶಗಳಲ್ಲಿ ತಾಮ್ರ ತುಂಬಿದ ಗಂಟುಗಳನ್ನು ಅಲ್ಲಿನ ವೈದ್ಯರು ಕಂಡು 1969ರಲ್ಲಿ ವರದಿ ಮಾಡಿದ್ದಾರೆ.

ನನ್ನ ತಂದೆ ಮದ್ದು ಬಿಡುವ ಕೆಲಸದವರು. ಕಂಗನ್ನೇರಿ ತಲೆಯ ಮೇಲಿನ ಗೊನೆಗೆ ಮದ್ದು ಹಾರಿಸುವಾಗ ಅರ್ಧ ಮದ್ದು ಗೊನೆಗೆ, ಉಳಿದರ್ಧ ಮುಖಕ್ಕೆ. ಆ ತಿಂಗಳುಗಳಲ್ಲಿ ಅವರ ಅಂಗಿ, ಕೈ, ಉಗುರುಸಂದುಗಳೆಲ್ಲ ನೀಲಿ. ಸಂಜೆ ಬಂದು ಆ ಕೈಯಲ್ಲಿಯೇ ವೀಳ್ಯದೆಲೆಗೆ ಸುಣ್ಣ ಹಚ್ಚುವರು. ನಾನು ಕಾಲೇಜಿಗೆ ಸೇರಿದ ಹೊಸತರಲ್ಲಿ ಕೈ ತೊಳೆಯುವುದಿಲ್ಲವೆಂದು ಅವರನ್ನು ಗದರಿಸಿದ್ದುಂಟು. ಮಳೆಗಾಲದ ಅವರ ಕೆಮ್ಮಿಗೂ ಅದೇ ಕಾರಣವೆಂದು ಬುದ್ಧಿ ಹೇಳಿದ್ದೂ ಉಂಟು. ನಮ್ಮ ಮನೆತನದಲ್ಲಿ ಪದವಿಯ ತರಗತಿಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬುದ್ಧಿ ಹೇಳುವ ಹಕ್ಕು ನನ್ನದೆಂದು ತಿಳಿದಿದ್ದೆ. ಆಲಿಸಳ ಚರಿತ್ರೆಯನ್ನು ಓದಿದ ಮೇಲೆ, ನೂರು ವರ್ಷಗಳ ಹಿಂದೆ ಶಿಕಾಗೋದ ಧಣಿಗಳು ಆಡಿದ ಮಾತನ್ನೇ ನಾನು ಮನೆಯೊಳಗೆ ಆಡಿದೆನೆಂದು ತಿಳಿಯಿತು. ಗಾಳಿ ಯಾವ ಕಡೆಯದು, ಮುಖಕ್ಕೆ ಮುಸುಕು ಯಾರು ಕೊಡಬೇಕು, ನೆಲದಲ್ಲಿ ನಿಂತೇ ಉದ್ದದ ದೋಟಿಯಿಂದ ಬಿಡಬಹುದೇ, ಇದೊಂದನ್ನೂ ನಾನು ಯೋಚಿಸಿರಲಿಲ್ಲ. ಕೆಮ್ಮಿಗೆ ಕಾರಣ ಮದ್ದೋ, ಬೀಡಿಯೋ, ಮಳೆಯೋ ಹೇಳಲು ನಾನು ವೈದ್ಯನಲ್ಲ. ಮೊದಲು ಕಂಡ ಕಾರಣದಲ್ಲಿ ನಿಂತುಬಿಡಬಾರದೆಂದು ಆಲಿಸಳೇ ಕಲಿಸಿದ್ದಾಳಲ್ಲ. ಕೇಳಿ, ಬರೆದು, ಪರೀಕ್ಷಿಸಿ ನೋಡಿದ ಮೇಲೆ ತಾನೆ ತಿಳಿಯುವುದು.

ಆಲಿಸ್ ಹ್ಯಾಮಿಲ್ಟನ್ ನಿವೃತ್ತಿಯ ಮೇಲೂ ಸುಮ್ಮನೆ ಕೂರಲಿಲ್ಲ. 1943ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಳು. ಮುಪ್ಪಿನಲ್ಲಿಯೂ ಯುದ್ಧವನ್ನು ವಿರೋಧಿಸಿ ಮಾತಾಡಿದಳು. ಕನೆಕ್ಟಿಕಟ್ ಪ್ರಾಂತದ ಹ್ಯಾಡ್ಲೈಮ್ ಎಂಬ ಹಳ್ಳಿಯ ಮನೆಯಲ್ಲಿ 1970ರ ಸೆಪ್ಟೆಂಬರ್ 22ರಂದು, ತನ್ನ 101ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೂರು ತಿಂಗಳ ಮೇಲೆ, ಆ ಡಿಸೆಂಬರಿನಲ್ಲಿ, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಇಡೀ ಅಮೇರಿಕೆಗೆ ಅನ್ವಯಿಸುವ ಶಾಸನಕ್ಕೆ ಅಂಕಿತ ಬಿದ್ದಿತು.

ನಮ್ಮ ಕಾಲೇಜಿನ ಮಿತ್ರರಲ್ಲಿ ಅನೇಕರ ಮನೆಯವರು ತೋಟ, ಗ್ಯಾರೇಜು, ಬಣ್ಣ, ಬೆಸುಗೆಗಳ ಕೆಲಸದಲ್ಲಿರುವರು. ರಜೆಯಲ್ಲಿ ಊರಿಗೆ ಹೋದಾಗ ಅವರ ಕೆಲಸದ ವಿಚಾರವನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟರೆ, ನಮ್ಮ ಸೇವಾ ಯೋಜನೆಯ ಶಿಬಿರಕ್ಕೆ ವೈದ್ಯರನ್ನು ಕರೆದಾಗ ಅವರ ಮುಂದಿಡಬಹುದು. ನಾನು ಕಳೆದ ಆಟಿಯಲ್ಲಿ ತಂದೆಯವರನ್ನು ಕೇಳಿದೆ, ಮದ್ದು ಬಿಡಲು ತೊಡಗಿ ಎಷ್ಟು ವರ್ಷವಾಯಿತೆಂದು. ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೊಂದೇ ತೋಟದ ಹೆಸರು ಹೇಳುತ್ತ ಬೆರಳು ಮಡಿಚಿ ಎಣಿಸಿದರು. ಮೂವತ್ತೆರಡು ಮಳೆಗಾಲ. ಅದನ್ನು ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡೆ.